ಬಾವುಟದ ದಿನಕ್ಕೆ ಕೈಬೀಸಿಕೊಂಡು ಬನ್ನಿ

ಮಾರ್ಚ್ 14

ಅಪ್ಪನಿಗೆ,

ಫೋನಿನಲ್ಲಿ ನಾನು ಹೇಳಿದ್ದು ನಿಮಗೆ ಅರ್ಧ ಕೇಳಿಸುತ್ತದೆ. ಉಳಿದರ್ಧವನ್ನು ಅತ್ತಿಗೆ ನಿಮ್ಮ ಕಿವಿಯ ಹತ್ತಿರ ಕೂಗಬೇಕು. ಆಮೇಲೆ ನಮ್ಮ ಮನೆಯ ಸುದ್ದಿ ನಿಮ್ಮ ಬೀದಿಗೆಲ್ಲ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಚಳಿಗಾಲದಲ್ಲಿ ಬರೆದ ಕಾಗದಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ. ಅಂಚೆಯಲ್ಲಿ ಎಲ್ಲೋ ಕಳೆದಿರಬೇಕು ಎಂದುಕೊಂಡಿದ್ದೇನೆ.

ಮಕ್ಕಳು ಮನೆಗೆ ಬಂದು ತಿಂಗಳಾಯಿತು. ಅಕ್ಕ, ತಮ್ಮ. ಅವಳಿಗೆ ಆರು ವರ್ಷ, ಅವನಿಗೆ ಇನ್ನೇನು ಮೂರು ತುಂಬುತ್ತದೆ. ಹೆತ್ತವರು ಇಬ್ಬರೂ ಇಲ್ಲ. ಕಾನೂನಿನ ಪ್ರಕಾರ ಇವರು ಇನ್ನೂ ನಮ್ಮ ಮಕ್ಕಳಲ್ಲ, ಕೋರ್ಟಿನ ಆದೇಶ ಆಗಬೇಕು. ಅಲ್ಲಿಯವರೆಗೆ ಮಕ್ಕಳ ಇಲಾಖೆಯ ಮೇಡಂ ಆಗಾಗ ಬಂದು ನಮ್ಮ ಫ್ರಿಜ್ ತೆರೆದು ನೋಡಿ, ಚಹಾ ಕುಡಿದು ಹೋಗುತ್ತಾರೆ.

ಹುಡುಗ ಗುಂಡಗೆ, ನುಣ್ಣಗೆ ಇದ್ದಾನೆ. ಬಟಾಣಿ ಎಂದು ಕರೆಯುತ್ತೇವೆ. ಹುಡುಗಿಗೆ ನಿಮ್ಮ ಅಳಿಯ ಇಟ್ಟ ಹೆಸರು ಮೇಸ್ತ್ರಿ. ದಿನವಿಡೀ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಇವರು ಮನೆಗೆ ಬಂದರೆ, ಬಾಗಿಲಲ್ಲೇ ನಿಂತು ಕೈ ತೊಳೆದಿದ್ದೀರಾ ಎಂಬಂತೆ ನೋಡುತ್ತಾಳೆ. ಮಾತು ಕಡಿಮೆ. ತಮ್ಮನಿಗೆ ಉಣಿಸುವುದು, ಮೂಗೊರೆಸುವುದು, ಬೂಟು ಹಾಕುವುದು ಎಲ್ಲ ಅವಳೇ. ನಾನು ಕೈಹಾಕಿದರೆ ಸುಮ್ಮನೆ ನನ್ನ ಕೈಯನ್ನು ಪಕ್ಕಕ್ಕೆ ಸರಿಸುತ್ತಾಳೆ. ದಿನಕ್ಕೆ ಸಾವಿರ ಜನರನ್ನು ಬಸ್ಸಿನಲ್ಲಿ ಸುರಕ್ಷಿತವಾಗಿ ಇಳಿಸುವ ನನಗೆ ಒಂದು ಮಗುವಿನ ಮೂಗು ಒರೆಸಲು ಅಪ್ಪಣೆಯಿಲ್ಲ.

ಈ ಸಲದ ಮೆರವಣಿಗೆ, ಬಾಣಬಿರುಸು ನೋಡಲು ಬಾವುಟದ ದಿನಕ್ಕೆ ಎಲ್ಲರೂ ಊರಿಗೆ ಬನ್ನಿ ಎಂದು ಅಣ್ಣ ಫೋನ್ ಮಾಡಿದ್ದ. ಹಬ್ಬ ಇರುವುದು ಜೂನಿನಲ್ಲಿ, ಇನ್ನೂ ದಿನವಿದೆ. ಆದರೆ ಕರೆದದ್ದು ಅಣ್ಣ. ಆ ಮನೆಗೆ ಹಿರಿಯರು ನೀವು. ಬರಬೇಕೋ ಬೇಡವೋ ನೀವೇ ಹೇಳಬೇಕು.

ನಿಮ್ಮ ಮಗಳು

•

ಏಪ್ರಿಲ್ 3

ಮಗಳಿಗೆ,

ನಿನ್ನ ಕಾಗದ ಬಂತು. ಚಳಿಗಾಲದ್ದೂ ಬಂದಿತ್ತು. ಉತ್ತರ ಬರೆಯಲು ಕೂತೆ, ಎದ್ದೆ.

ಇಲ್ಲಿ ಬಿಸಿಲು ಆಗಲೇ ಜೋರಾಗಿದೆ. ಹಿತ್ತಿಲ ನಲ್ಲಿಯ ವಾಷರ್ ಹೋಗಿತ್ತು, ಹಾಕಿದೆ. ನಿಮ್ಮ ಸೋದರತ್ತೆ ಮೊಣಕಾಲು ನೋವೆಂದು ನಮ್ಮಲ್ಲಿಗೆ ಬಂದು ಹದಿನೈದು ದಿನವಾಯಿತು. ನೋವು ಕಾಲಿಗೆ ಮಾತ್ರ, ಬಾಯಿಗೆ ಏನೂ ಆಗಿಲ್ಲ. ಮಿಲ್ಲಿನಲ್ಲಿ ಮಗ್ಗಗಳ ನಡುವೆ ನಿಂತು ಕಿವಿ ಕಳೆದುಕೊಂಡೆನೆಂದು ಇಷ್ಟು ವರ್ಷ ಬೇಸರವಿತ್ತು. ಅಕ್ಕ ಬಂದಾಗ ಮಾತ್ರ ಮಿಲ್ಲಿನ ಉಪಕಾರ ನೆನೆಯುತ್ತೇನೆ.

ನಿನ್ನ ಹಳೆಯ ಕೋಣೆಯಲ್ಲಿರುವುದು ಒಂದೇ ಮಂಚ. ನಿಮ್ಮಣ್ಣನ ಮಕ್ಕಳು ತಮ್ಮ ಮಂಚ ಬಿಟ್ಟುಕೊಡುವ ಜಾತಿಯವಲ್ಲ. ಆ ಮಕ್ಕಳಿಬ್ಬರ ಎತ್ತರ ಅಳೆದು ಬರೆ. ಒಟ್ಟಿಗೆ ಮಲಗುತ್ತಾರೋ, ಬೇರೆ ಬೇರೆಯೋ, ಅದನ್ನೂ ಬರೆ. ಹಲಗೆ ಒಣಗಬೇಕು, ತಡ ಮಾಡಬೇಡ.

ಅಪ್ಪ

•

ಏಪ್ರಿಲ್ 19

ಅಪ್ಪನಿಗೆ,

ನಿಮ್ಮ ಕಾಗದವನ್ನು ಡಿಪೋದಲ್ಲಿ ನಿಂತೇ ಓದಿದೆ. ಆಮೇಲೆ ಬಸ್ಸು ಹತ್ತಿ ಇನ್ನೊಮ್ಮೆ ಓದಿದೆ. ಹಿಂದಿನ ಸೀಟಿನವರು ಬಸ್ಸು ಹೊರಡುವುದೋ ಇಲ್ಲವೋ ಎಂದು ಕೇಳುವವರೆಗೂ.

ಎತ್ತರವನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಅಳೆಯುವುದೇ ಒಂದು ಸಾಹಸವಾಯಿತು. ಗೋಡೆಗೆ ನಿಲ್ಲಿಸಿದರೆ ಬಟಾಣಿ ಕೂತುಬಿಡುತ್ತಾನೆ. ಮೇಸ್ತ್ರಿ ಮಾತ್ರ ಸೈನಿಕನಂತೆ ನಿಂತಳು. ಯಾಕೆ ಅಳೆಯುತ್ತಿದ್ದೀರಿ ಎಂದು ಕೇಳಿದಳು. "ತಾತ ಮಂಚ ಮಾಡ್ತಾರಂತೆ" ಅಂದೆ. "ನಾವು ಅಲ್ಲೇ ಇರಬೇಕಾ?" ಅಂದಳು. ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಹಬ್ಬಕ್ಕೆ ಹೋಗಿ ಬರುವುದು ಎಂದರೆ ಅವಳಿಗೆ ಗೊತ್ತಿಲ್ಲ. ಹೋದ ಕಡೆಯಿಂದ ಅವಳು ಇದುವರೆಗೆ ವಾಪಸು ಬಂದೇ ಇಲ್ಲ. ಮೊದಲು ಒಬ್ಬರ ಮನೆ, ಆಮೇಲೆ ಇನ್ನೊಬ್ಬರ ಮನೆ, ಆಮೇಲೆ ಆಶ್ರಮ, ಆಮೇಲೆ ನಾವು. ಇಬ್ಬರೂ ಒಟ್ಟಿಗೆ ಮಲಗುತ್ತಾರೆ. ಅವನ ಅಂಗಿಯ ಚುಂಗು ಅವಳ ಮುಷ್ಟಿಯಲ್ಲಿರಬೇಕು.

ಬ್ಯಾಗಿನದೂ ಹೀಗೆಯೇ. ಹೋದ ವಾರ ಬೀರುವಿನ ಮೇಲಿನ ಬ್ಯಾಗನ್ನು ಧೂಳು ಕೊಡವಲು ಇಳಿಸಿದ್ದೆ. ಅಡುಗೆಮನೆಯಿಂದ ಬರುವಷ್ಟರಲ್ಲಿ ಮೇಸ್ತ್ರಿ ತಮ್ಮನಿಗೆ ಬೂಟು ಹಾಕಿ, ತಾನೂ ಹಾಕಿಕೊಂಡು, ಬಾಗಿಲ ಹತ್ತಿರ ನಿಂತಿದ್ದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಇನ್ನೊಂದು ವಿಷಯ. ಮಕ್ಕಳ ತಾಯಿಯ ಕಡೆಯ ದೂರದ ಮಾವ ಒಬ್ಬರು ಈಗ ಕೋರ್ಟಿಗೆ ಅರ್ಜಿ ಹಾಕಿದ್ದಾರೆ. ಸೈಕಲ್ ಅಂಗಡಿ ಇಟ್ಟಿದ್ದಾರಂತೆ, ಮಕ್ಕಳಿಲ್ಲವಂತೆ. ಅವರು ಕೇಳುತ್ತಿರುವುದು ಹುಡುಗನನ್ನು ಮಾತ್ರ. ರಕ್ತಸಂಬಂಧಿ ಎಂದ ಮೇಲೆ ಕೋರ್ಟು ಅವರ ಮಾತು ಕೇಳಲೇಬೇಕು ಎಂದರು ಮೇಡಂ. ಇದನ್ನು ಅಣ್ಣನಿಗೂ ನಿಮಗೂ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ.

ನಿಮ್ಮ ಮಗಳು

•

ಮೇ 5

ಮಗಳಿಗೆ,

ಮಂಚ ಮುಗಿಯಿತು. ಇಬ್ಬರಿಗೂ ಸೇರಿ ಒಂದೇ. ಹುಡುಗ ಉರುಳಿ ಬೀಳದಂತೆ ಒಂದು ಕಡೆ ತಡೆಗಟ್ಟೆ ಇಟ್ಟಿದ್ದೇನೆ. ಅಂಚುಗಳನ್ನು ಮರಳುಕಾಗದ ಹಾಕಿ ತಿಕ್ಕಿದ್ದೇನೆ, ಚುಚ್ಚುವುದಿಲ್ಲ.

ಬ್ಯಾಗಿನ ವಿಷಯ ಯೋಚಿಸಿದೆ. ಬ್ಯಾಗು ತುಂಬಲೇಬೇಡ. ನಿನ್ನತ್ತಿಗೆ ಪೇಟೆಗೆ ಹೋಗಿ ಮಕ್ಕಳಿಬ್ಬರಿಗೂ ಎರಡೆರಡು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಷ್ಷು, ಟವೆಲ್ಲು ತಂದಿಟ್ಟಿದ್ದಾಳೆ. ನಿಮ್ಮಿಬ್ಬರದು ಹಳೆಯದು ಇಲ್ಲಿ ಬೇಕಾದಷ್ಟಿದೆ. ಕೈಬೀಸಿಕೊಂಡು ಬನ್ನಿ. ಪಕ್ಕದ ಬೀದಿಗೆ ಹೋಗಿ ಬರುವವರ ಹಾಗೆ ಬನ್ನಿ. ಮನೆಯಲ್ಲಿ ಅವಳ ಸಾಮಾನು ಎಲ್ಲಿತ್ತೋ ಅಲ್ಲೇ ಇರಲಿ. ಹೊರಡುವಾಗ ಅವಳ ಕಣ್ಣೆದುರೇ ನಾಳಿದ್ದಿನ ಹಾಲಿಗೆ ಹೇಳು.

ಆ ಮಾವನ ವಿಷಯ. ನಿಮ್ಮಣ್ಣ ವಕೀಲರ ಹತ್ತಿರ ಮಾತಾಡಿದ್ದಾನೆ. ಈ ಮನೆಯಲ್ಲಿ ಗುಟ್ಟು ಉಳಿಯುವುದು ಕಷ್ಟ, ಗೊತ್ತಲ್ಲ. ನಿಮ್ಮತ್ತೆಗೂ ಗೊತ್ತಾಗಿದೆ.

ಆ ಹುಡುಗಿಗೆ ಪಟಾಕಿ ಸದ್ದು ಆಗುತ್ತದೆಯೋ?

ಅಪ್ಪ

•

ಮೇ 30

ಅಪ್ಪನಿಗೆ,

ಪಟಾಕಿ ಸದ್ದು ಆಗುವುದಿಲ್ಲ. ಬಸ್ಸಿನ ಟೈರು ಒಡೆದರೂ ಆಗುವುದಿಲ್ಲ. ಆದರೆ ಬಾವುಟ, ಬ್ಯಾಂಡು, ಮೆರವಣಿಗೆ ಎಂದು ಶಾಲೆಯಲ್ಲಿ ಕೇಳಿಬಂದಿದ್ದಾಳೆ. ಇಬ್ಬರೂ ಕಾಗದದ ಬಾವುಟಕ್ಕೆ ಬಣ್ಣ ಬಳಿದು ಕಿಟಕಿಗೆ ಸಿಕ್ಕಿಸಿದ್ದಾರೆ. ಬಟಾಣಿಯ ಬಾವುಟದಲ್ಲಿ ಯಾವ ದೇಶಕ್ಕೂ ಇಲ್ಲದ ಬಣ್ಣಗಳಿವೆ.

ಕೋರ್ಟಿನ ತಾರೀಖು ಜುಲೈ ಮೊದಲ ವಾರಕ್ಕೆ ಬಿತ್ತು. ಬಾವುಟದ ದಿನ ಮುಗಿದ ಮೇಲೆ. ಇದೊಂದು ಬೇಸಿಗೆಯಾದರೂ ಇಬ್ಬರೂ ಒಟ್ಟಿಗೆ ನೋಡಲಿ ಎಂದು ಇವರು ಅಂದರು. ಅಂದ ಮೇಲೆ ನನ್ನ ಮುಖ ನೋಡಿ ತಟ್ಟೆ ತೊಳೆಯಲು ಎದ್ದುಹೋದರು.

ಹಬ್ಬದ ಹಿಂದಿನ ದಿನ, ಶುಕ್ರವಾರ ಸಂಜೆ ಬರುತ್ತೇವೆ. ಕೈಬೀಸಿಕೊಂಡು.

ನಿಮ್ಮ ಮಗಳು

•

ಜೂನ್ 17

ಅಪ್ಪನಿಗೆ,

ಕ್ಷೇಮವಾಗಿ ತಲುಪಿದೆವು. ಮೇಸ್ತ್ರಿ ಒಳಗೆ ಬಂದವಳೇ ಒಂದೊಂದೇ ಕೋಣೆ ನೋಡಿ ಬಂದಳು. ಅವಳ ಹಾಸಿಗೆ, ಪೆನ್ಸಿಲ್ಲು, ತಮ್ಮನ ಕುಂಟ ಆನೆ ಎಲ್ಲ ಇದ್ದಲ್ಲೇ ಇದ್ದವು. ಬಾಗಿಲಲ್ಲಿ ಹಾಲಿನ ಪ್ಯಾಕೆಟ್ಟೂ ಇತ್ತು. ಅದನ್ನು ಎತ್ತಿ ತಂದು ಫ್ರಿಜ್ಜಿನಲ್ಲಿಟ್ಟಳು.

ಅಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಿಮಗೆ ಎಷ್ಟು ತಲುಪಿತೋ ಗೊತ್ತಿಲ್ಲ. ಏನಾಯಿತೆಂದು ಸರಿಯಾಗಿ ಬರೆಯುತ್ತೇನೆ.

ಬೆಳಿಗ್ಗೆ ಎಲ್ಲವೂ ಚೆನ್ನಾಗಿತ್ತು. ಶಾಲೆಯ ಮೈದಾನದಲ್ಲಿ ಬಾವುಟ ಏರುವಾಗ ಬಟಾಣಿ ಅಣ್ಣನ ಹೆಗಲ ಮೇಲಿದ್ದ. ಹಗ್ಗ ಸಿಕ್ಕಿಕೊಂಡು ಬಾವುಟ ಅರ್ಧಕ್ಕೇ ನಿಂತಿತು. ಬ್ಯಾಂಡಿನವರು ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಬೇಕಾಯಿತು. ಅಗ್ನಿಶಾಮಕದ ಗಾಡಿ ನೀರು ಚಿಮ್ಮಿಸಿಕೊಂಡು ಬಂದಾಗ ಅಣ್ಣನ ಮಕ್ಕಳು ಮೇಸ್ತ್ರಿಯ ಕೈಹಿಡಿದು ಎಳೆದುಕೊಂಡು ಓಡಿದರು. ಅವಳು ತಿರುಗಿ ತಮ್ಮನನ್ನು ನೋಡಿದಳು. ಅವನು ಹೆಗಲ ಮೇಲೆ ಕೂತು ಐಸ್‌ಕ್ರೀಮನ್ನು ಅಣ್ಣನ ತಲೆಗೆ ಬಳಿಯುತ್ತಿದ್ದ. ಆಗ ಓಡಿದಳು. ಅವಳು ನೆನೆದು ನಗುವುದನ್ನು ನಾನು ನೋಡಿದೆ. ನೀವು ನನ್ನ ಪಕ್ಕದಲ್ಲೇ ಇದ್ದಿರಿ. ನಾನು ನಿಮ್ಮ ಕಡೆ ನೋಡಲಿಲ್ಲ, ನೀವೂ ನನ್ನ ಕಡೆ ನೋಡಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅಂಗಳದಲ್ಲಿ ಕಲ್ಲಂಗಡಿ ಕೊಯ್ಯುತ್ತಿದ್ದೆವು. ದೊಡ್ಡವರೆಲ್ಲ ಮೇಜಿನ ಸುತ್ತ, ಮಕ್ಕಳು ಮೇಜಿನ ಕೆಳಗೆ. ಆಗ ಅತ್ತೆ ಅಂದರು, "ಗಂಡು ಮಗೂನ ಅವರ ಕಡೆಯೋರು ಯಾರೋ ಕೇಳ್ತಿದ್ದಾರಂತಲ್ಲ. ಕೊಟ್ಬಿಡೇ. ನಿನಗೂ ಒಂದು ಅಂದ್ರೆ ಹಗುರ."

ಅತ್ತೆ ಕೆಟ್ಟವರಲ್ಲ. ಅವರ ಮಾತು ಹೊಟ್ಟೆಯಿಂದ ನೇರ ನಾಲಿಗೆಗೆ ಬರುತ್ತದೆ, ನಡುವೆ ಎಲ್ಲೂ ನಿಲ್ದಾಣವಿಲ್ಲ. ಅತ್ತಿಗೆ ಅವರ ಕೈಗೆ ದೊಡ್ಡದೊಂದು ಕಲ್ಲಂಗಡಿ ಹೋಳು ತುರುಕಿದರು. ನಾನು ಬಗ್ಗಿ ಮೇಜಿನ ಕೆಳಗೆ ನೋಡಿದೆ. ಮೇಸ್ತ್ರಿ ತಮ್ಮನ ಹೋಳಿನಿಂದ ಬೀಜ ಆರಿಸುತ್ತಿದ್ದಳು. ಕೇಳಿಸಿಲ್ಲ ಎಂದುಕೊಂಡೆ.

ಸಂಜೆ ನಿಮ್ಮನ್ನು ಬಿಟ್ಟು ಎಲ್ಲರೂ ನದಿ ದಂಡೆಗೆ ಬಾಣಬಿರುಸು ನೋಡಲು ಹೊರಟೆವು, ಮೇಸ್ತ್ರಿಯ ಕಿವಿಗೆ ಹತ್ತಿ ಇಟ್ಟು ದೂರದಲ್ಲೇ ನಿಲ್ಲುವುದೆಂದು ಮಾತಾಗಿತ್ತು. ಬಾಗಿಲಲ್ಲಿ ತಲೆ ಎಣಿಸಿದರೆ ಇಬ್ಬರು ಇಲ್ಲ. ಕೋಣೆಯಲ್ಲಿಲ್ಲ, ಹಿತ್ತಿಲಲ್ಲಿಲ್ಲ, ಮಂಚದ ಕೆಳಗಿಲ್ಲ. ಇಬ್ಬರ ಬೂಟುಗಳೂ ಇಲ್ಲ. ಅದನ್ನು ನೋಡಿದ್ದೇ ನಾನು ಬೀದಿಗೆ ಓಡಿದೆ. ಅಣ್ಣ ನದಿಯ ಕಡೆ ಓಡಿದ. ನಿಮ್ಮ ಅಳಿಯ ಬಸ್‌ಸ್ಟ್ಯಾಂಡಿಗೆ ಓಡಿದರು. ಬೀದಿಯ ತುಂಬ ಜನ, ಎಲ್ಲ ಮಕ್ಕಳ ಕೈಯಲ್ಲೂ ಅದೇ ಬಾವುಟ. ಹಿಂದಿನಿಂದ ನೋಡಿದರೆ ಪ್ರತಿ ಮಗುವೂ ಬಟಾಣಿಯೇ. ನಾನು ಯಾರದೋ ಮಗುವಿನ ಭುಜ ಹಿಡಿದು ತಿರುಗಿಸಿದೆ, ಅದು ಹೆದರಿ ಅತ್ತಿತು. ಅತ್ತೆ ಮೊಣಕಾಲು ಎಳೆದುಕೊಂಡು ಗೇಟಿನವರೆಗೆ ಬಂದು, "ನನ್ನ ಬಾಯಿಗೆ ಬೆಂಕಿ ಬೀಳಲಿ" ಎಂದು ಅಳುತ್ತಿದ್ದರು.

ಕತ್ತಲಾಗುತ್ತಿತ್ತು. ಟಾರ್ಚು ತರಲು ಒಳಗೆ ಬಂದೆ. ಅದು ಸ್ಟೋರ್ ರೂಮಿನ ಗೂಡಿನಲ್ಲಿರುತ್ತದೆ. ಬಾಣಬಿರುಸಿನ ಹೊತ್ತಿಗೆ ನೀವು ಪ್ರತಿ ವರ್ಷ ಅಲ್ಲೇ ಬಾಗಿಲು ಹಾಕಿಕೊಂಡು ಕೂರುತ್ತೀರೆಂದು ನನಗೆ ಗೊತ್ತಿತ್ತು. ಆದರೂ ಅಲ್ಲಿ ಹುಡುಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬಾಗಿಲು ತಳ್ಳಿದೆ. ಬೋರಲು ಹಾಕಿದ ಬಕೆಟ್ಟಿನ ಮೇಲೆ ನೀವು. ಬೂಟು ಹಾಕಿಕೊಂಡೇ ನಿಮ್ಮ ತೊಡೆಯ ಮೇಲೆ ನಿದ್ದೆ ಹೋಗಿದ್ದ ಬಟಾಣಿ. ಅಕ್ಕಿಮೂಟೆಯ ಮೇಲೆ ಮೇಸ್ತ್ರಿ, ಎರಡೂ ಕೈ ಆಡಿಸುತ್ತಾ, ಒಂದೇ ಸಮನೆ ಮಾತಾಡುತ್ತಿದ್ದಳು. ನಮ್ಮ ಮನೆಯಲ್ಲಿ ಇಷ್ಟು ತಿಂಗಳಲ್ಲಿ ಅವಳು ಅಷ್ಟು ಮಾತಾಡಿದ್ದಿಲ್ಲ. ನೀವು ತಲೆಯಾಡಿಸುತ್ತಿದ್ದಿರಿ.

ನನ್ನನ್ನು ನೋಡಿ ನಿಲ್ಲಿಸಿದಳು. ಆಮೇಲೆ, "ಬಾಗಿಲು ಹಾಕಿ, ಸದ್ದು ಬರುತ್ತೆ" ಅಂದಳು.

ಬಾಗಿಲು ಹಾಕಿದೆ. ಹಾಕುವ ಮೊದಲು ಗೇಟಿನ ಕಡೆ ತಿರುಗಿ "ಇಲ್ಲಿದ್ದಾರೆ" ಎಂದಿದ್ದೆ. ಉಳಿದದ್ದನ್ನು ಅತ್ತೆ ನೋಡಿಕೊಂಡರು. ಅವರು ಕೂಗಿದ್ದು ನದಿ ದಂಡೆಯಲ್ಲಿದ್ದ ಅಣ್ಣನಿಗೆ ಕೇಳಿಸಿತಂತೆ. ನಾನು ಒಳಗೆ ಬಂದು ನೆಲದ ಮೇಲೆ ಕೂತೆ. ಅವಳು ಮೂಟೆಯ ಮೇಲೆ ಸ್ವಲ್ಪ ಸರಿದು ನನಗೂ ಜಾಗ ಮಾಡಿದಳು.

ಅಪ್ಪಾ, ಅವಳು ನಿಮಗೆ ಏನು ಹೇಳಿದಳು? ಕೇಳಿದರೆ ತಾತನಿಗೆ ಗೊತ್ತು ಎನ್ನುತ್ತಾಳೆ.

ನಿಮ್ಮ ಮಗಳು

•

ಜೂನ್ 25

ಮಗಳಿಗೆ,

ಬಾಣ ಹಾರುವಾಗ ಕಿವಿಯ ಮಿಷನ್ನು ತಲೆಯೊಳಗೆ ಮೊಳೆ ಹೊಡೆದ ಹಾಗೆ ಮಾಡುತ್ತದೆ. ಅದಕ್ಕೇ ತೆಗೆದು ಜೇಬಿನಲ್ಲಿ ಹಾಕಿಕೊಂಡು ಅಲ್ಲಿ ಕೂರುವುದು. ಆ ದಿನವೂ ಜೇಬಿನಲ್ಲೇ ಇತ್ತು.

ಅವರು ಬಾಗಿಲು ತೆರೆದು ಬಂದರು. ಅವಳು ತಮ್ಮನನ್ನು ಎತ್ತಿಕೊಂಡಿದ್ದಳು. ಅವಳಿಗಿಂತ ಅವನೇ ದಪ್ಪ. ನನ್ನನ್ನು ನೋಡಿ ಹಿಂದೆ ಸರಿದಳು. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಬಾಣ ಹಾರಿಸಿರಬೇಕು, ನೆಲ ಅದುರಿತು. ಮೈಮುದುರಿ ನಿಂತಳು. ನಾನು ಕೈಚಾಚಿದೆ, ಅವನನ್ನು ಕೊಟ್ಟಳು. ಅವನ ಮೂಗೊರೆಸಲೂ ನಿನ್ನನ್ನು ಬಿಡುವುದಿಲ್ಲ ಎಂದು ನೀನು ಬರೆದಿದ್ದೆ. ನನಗೆ ಕೊಟ್ಟಳು. ಹೊರಗೆ ನೀವೆಲ್ಲ ಹುಡುಕುತ್ತಿರುವುದು ನನಗೇನು ಗೊತ್ತು? ನನ್ನ ಹಾಗೆ ಇವರೂ ಸದ್ದಿಗೆ ಹೆದರಿ ಬಂದಿದ್ದಾರೆ ಎಂದುಕೊಂಡೆ.

ಆಮೇಲೆ ಮಾತು ಶುರು ಮಾಡಿದಳು. ಒಂದಕ್ಷರವೂ ಕೇಳಿಸಲಿಲ್ಲ. ಮಿಷನ್ನು ಹಾಕಿಕೊಳ್ಳಬಹುದಿತ್ತು. ಹಾಕಿಕೊಂಡರೆ ನಿಲ್ಲಿಸುತ್ತಾಳೇನೋ ಅನ್ನಿಸಿತು. ಮಿಲ್ಲಿನವರಿಗೆ ತುಟಿ ನೋಡಿ ಮಾತು ತಿಳಿಯುವುದು ಅಭ್ಯಾಸ. ಮಗ್ಗದ ಸದ್ದಿನಲ್ಲಿ ನಾವು ಹಾಗೆಯೇ ಹರಟುತ್ತಿದ್ದೆವು. ಆದರೆ ಆ ಕೋಣೆಯ ಬಲ್ಬು ಮಂಕು. ಅವಳು ಅರ್ಧ ಹೊತ್ತು ಗೋಡೆಗೆ ಹೇಳುತ್ತಿದ್ದಳು. ಒಂದು ಸಲ ಮಾತ್ರ ನನ್ನ ಮುಖಕ್ಕೆ ಮುಖ ಕೊಟ್ಟು ಕೇಳಿದಳು. ಅದು ತಿಳಿಯಿತು.

"ತಾತ, ನೀವು ಯಾರ ಕಡೆ?"

"ನಿನ್ನ ಕಡೆ" ಅಂದೆ.

"ತಮ್ಮನ ಕಡೆ?"

"ಅವನ ಕಡೆನೂ."

ಅಷ್ಟೇ ನಡೆದದ್ದು. ಉಳಿದದ್ದನ್ನು ಅವಳು ಹೇಳಿದಾಗ ನೀನೇ ಕೇಳಿಸಿಕೋ.

ಜುಲೈ ಮೂರಕ್ಕೆ ನಾನೂ ಕೋರ್ಟಿಗೆ ಬರುತ್ತೇನೆ. ಮಾತು ಕೊಟ್ಟ ಮೇಲೆ ಮನೆಯಲ್ಲಿ ಕೂರಲಾಗುವುದಿಲ್ಲ. ಮಿಷನ್ನಿಗೆ ಹೊಸ ಸೆಲ್ಲು ತಂದಿಟ್ಟಿದ್ದೇನೆ. ನಿಮ್ಮತ್ತೆಯೂ ಬರುತ್ತೇನೆಂದಳು. ಬೇಡ, ನೀನು ಮನೆ ಕಾಯಿ ಎಂದಿದ್ದೇನೆ. ಮೊಮ್ಮಗಳಿಗೆ ಎರಡು ಜಡೆ ಹಾಕಲು ರಿಬ್ಬನ್ನು ಕೊಟ್ಟು ಕಳಿಸುತ್ತಿದ್ದಾಳೆ.

ಅಪ್ಪ

•

ಜುಲೈ 9

ಅಪ್ಪನಿಗೆ,

ನ್ಯಾಯಾಧೀಶರು ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲ, ಬರೆದು ಕಳಿಸು ಎಂದು ಬಸ್ಸು ಹತ್ತುವಾಗ ಹೇಳಿದಿರಿ. ಆ ಅಮ್ಮನಿಗೆ ಶೀತವಾಗಿತ್ತು, ನಮಗೇ ಅರ್ಧ ಕೇಳಿಸಲಿಲ್ಲ.

ಅದಕ್ಕೂ ಮೊದಲು ವರಾಂಡದಲ್ಲಿ ನಡೆದದ್ದು ನಿಮಗೆ ಗೊತ್ತಿಲ್ಲ. ಆಗ ನೀವು ಮಿಷನ್ನಿನ ಸೆಲ್ಲು ಬದಲಿಸಲು ಕಿಟಕಿಯ ಹತ್ತಿರ ಹೋಗಿದ್ದಿರಿ. ಆ ಮಾವ ಬಂದರು. ನನ್ನ ಮನಸ್ಸಿನಲ್ಲಿ ಅವರದು ದೊಡ್ಡ ಮೀಸೆ, ಕೆಂಪು ಕಣ್ಣು. ಬಂದವರು ನೋಡಿದರೆ ಬಡಕಲು, ಉಗುರಿನ ಸಂದಿಯಲ್ಲಿ ಗ್ರೀಸು, ಕೈಯಲ್ಲಿ ಒಂದು ಮೂರು ಗಾಲಿಯ ಸೈಕಲ್ಲು. ಅವರೇ ಬಣ್ಣ ಹಚ್ಚಿದ್ದಂತೆ. ಬಟಾಣಿ ನೋಡಿದ್ದೇ ತಡ, ಹೋಗಿ ಅದರ ಮೇಲೆ ಕೂತ.

ಮೇಸ್ತ್ರಿ ಎದ್ದು ಅವರ ಮುಂದೆ ಹೋಗಿ ನಿಂತಳು. ನಾನು ತಡೆಯಲು ಹೋದೆ, ಇವರು ನನ್ನ ಕೈ ಹಿಡಿದುಕೊಂಡರು.

"ಇವನಿಗೆ ಮೊಟ್ಟೆಯ ಬಿಳಿ ಮಾತ್ರ ಕೊಡಬೇಕು" ಅಂದಳು. "ಹಳದಿ ಕೊಟ್ರೆ ಕಕ್ತಾನೆ."

ಅವರು ತಲೆಯಾಡಿಸಿದರು.

"ಎಡಗಾಲಿನ ಬೂಟು ಮೊದಲು ಹಾಕಬೇಕು. ಬಲಗಾಲು ಮೊದಲು ಹಾಕಿದ್ರೆ ಅಳ್ತಾನೆ. ರಾತ್ರಿ ಬಾಯಾರಿದ್ರೆ ಕರೆಯಲ್ಲ, ಸುಮ್ನೆ ಎದ್ದು ಕೂರ್ತಾನೆ. ನೀವು ನೋಡ್ತಾ ಇರಬೇಕು."

"ಹೂಂ" ಅಂದರು.

"ಇವನ ಅಂಗಿ ಹಿಡ್ಕೊಂಡು ಮಲಗಬೇಕು. ಇಲ್ದಿದ್ರೆ ಹುಡುಕ್ತಾನೆ." ಅಂಗಿಯ ಚುಂಗು ತೋರಿಸಿ, "ನೀವು ಹಿಡ್ಕೊಳ್ತೀರಾ?" ಅಂದಳು.

ಆ ಮನುಷ್ಯ ಬೆಂಚಿನ ಮೇಲೆ ಕೂತು ತಮ್ಮ ಕೈ ನೋಡಿಕೊಂಡರು. ನಾನು ಕಿಟಕಿಯ ಕಡೆ ತಿರುಗಿದೆ. ನೀವು ಸೆಲ್ಲಿನ ಜೊತೆ ಗುದ್ದಾಡುತ್ತಿದ್ದಿರಿ.

ಒಳಗೆ ಕರೆದಾಗ ಅವರ ವಕೀಲರು ಎದ್ದು ನಿಲ್ಲುವ ಮೊದಲೇ ಆ ಮಾವ ತಾವೇ ಎದ್ದರು. ಹೇಳಿದ್ದು ಇಷ್ಟು: "ಇಬ್ಬರನ್ನೂ ಸಾಕೋ ಶಕ್ತಿ ನನಗಿಲ್ಲ ಮೇಡಂ. ಒಂದನ್ನ ಕಿತ್ಕೊಂಡು ಹೋಗೋ ಮನಸ್ಸೂ ಈಗ ಇಲ್ಲ. ಅರ್ಜಿ ವಾಪಸ್ ತಗೋತೀನಿ. ಆಗಾಗ ನೋಡೋಕೆ ಬಿಟ್ರೆ ಸಾಕು." ಬನ್ನಿ ಎಂದೆವು. ಬರುವ ಭಾನುವಾರವೇ ಊಟಕ್ಕೆ ಬರುತ್ತಿದ್ದಾರೆ.

ಆಮೇಲೆ ನ್ಯಾಯಾಧೀಶರು ನಿಮ್ಮನ್ನು ನೋಡಿ, "ಹಿರಿಯರೇ, ನಿಮಗೆ ಮೊಮ್ಮಕ್ಕಳೆಷ್ಟು?" ಎಂದು ಕೇಳಿದರಲ್ಲ, ಅದು ನಿಮಗೆ ಕೇಳಿಸಿತ್ತು. ಆದರೆ ನೀವು ಎಷ್ಟು ಗಟ್ಟಿಯಾಗಿ ಉತ್ತರ ಕೊಟ್ಟಿರೆಂದು ನಿಮಗೆ ತಿಳಿದಿಲ್ಲ. ಮಿಲ್ಲಿನ ಆ ತುದಿಯಿಂದ ಈ ತುದಿಗೆ ಹೇಳಿದ ಹಾಗೆ, "ನಾಲ್ಕು" ಅಂದಿರಿ. ಟೈಪ್ ಮಾಡುತ್ತಿದ್ದವರು ಕೈ ನಿಲ್ಲಿಸಿದರು. "ಎರಡು ನನ್ನ ಜೊತೆ ಇದಾವೆ, ಎರಡು ಇವಳ ಹತ್ರ." ನ್ಯಾಯಾಧೀಶರು ಕರವಸ್ತ್ರ ಮೂಗಿಗೆ ಹಿಡಿದುಕೊಂಡು, ಮಕ್ಕಳಿಬ್ಬರೂ ಒಟ್ಟಿಗೆ, ಕಾಯಂ ಆಗಿ, ಈ ದಂಪತಿಯ ಮಕ್ಕಳು ಎಂದು ಹೇಳಿ ಸಹಿ ಮಾಡಿದರು. ನಿಮಗೆ ಕೇಳಿಸದೆ ಹೋದದ್ದು ಅದು.

ಮನೆಗೆ ಬಂದ ಮೇಲೆ ಇವರು ಲಿಫ್ಟಿನ ಕೆಲಸವಿದೆ ಎಂದು ಸ್ಪಾನರು ಹಿಡಿದು ಹೊರಗೆ ಹೋದರು. ಮೆಟ್ಟಿಲ ಮೇಲೆ ಕೂತು ಅತ್ತರೆಂದು ಪಕ್ಕದ ಮನೆಯ ದರ್ಜಿಯ ಹೆಂಡತಿ ಹೇಳಿದಳು. ನಾನು ಅಳಲಿಲ್ಲ. ಮರುದಿನದವರೆಗೂ ಮಲಗಿ ಎದ್ದೆ. ಅಂಥ ನಿದ್ದೆ ಬಂದು ಎಷ್ಟು ಕಾಲವಾಗಿತ್ತೋ.

ಈಗ ಇದನ್ನು ಬರೆಯುತ್ತಿರುವಾಗ ಹೊರಗೆ ಗಲಾಟೆ ನಡೆದಿದೆ. ಮೇಸ್ತ್ರಿ ಆ ಮಾವ ಕೊಟ್ಟುಹೋದ ಪುಟ್ಟ ಸೈಕಲ್ಲಿನ ಮೇಲೆ ಕೂತಿದ್ದಾಳೆ, ಮೊಣಕಾಲು ಹ್ಯಾಂಡಲ್ಲಿಗೆ ತಾಗುತ್ತಿದೆ. ಬಟಾಣಿ ಹಿಂದಿನಿಂದ ಅವಳ ಜಡೆ ಜಗ್ಗುತ್ತಿದ್ದಾನೆ. "ಇಳಿಯಲ್ಲ ಹೋಗೋ. ಇದು ನಂದೂ" ಎಂದು ಅವನನ್ನು ತಳ್ಳಿದಳು. ಅವನು ಕಚ್ಚಿದ. ಅವಳು ಒಂದು ಕೊಟ್ಟಳು, ಚೆನ್ನಾಗಿಯೇ ಕೊಟ್ಟಳು. ಈಗ ಇಬ್ಬರೂ ಗಂಟಲು ಹರಿಯುವ ಹಾಗೆ ಅರಚುತ್ತಿದ್ದಾರೆ. "ಅಮ್ಮಾ, ಇವನನ್ನ ನೋಡು" ಎಂದು ದೂರು ಬರುತ್ತಿದೆ. ಪಕ್ಕದ ಮನೆಯವರು ಕಿಟಕಿ ತೆರೆದು ನೋಡುತ್ತಿದ್ದಾರೆ.

ಹೋಗಿ ಬಿಡಿಸಬೇಕು. ಇನ್ನೊಂದು ನಿಮಿಷ ಬಿಟ್ಟು ಹೋಗುತ್ತೇನೆ.

ನಿಮ್ಮ ಮಗಳು